ಕಡಲ ಹೂವಿಗೆ ತಾಮ್ರದ ನೀರು

ಮೊನ್ನೆ ತುರಿಯುವ ಮಣೆ ಹುಡುಕುತ್ತ ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದರೆ ಕೈಗೆ ಒಂದು ಪೈಪು ಸಿಕ್ಕಿತು. ಕಿರುಬೆರಳಿನಷ್ಟೂ ದಪ್ಪವಿಲ್ಲ, ಗಾಜಿನ ಬಣ್ಣ, ಉದ್ದ ಎರಡು ಮಾರು, ನಡುವೆ ಸಡಿಲವಾದ ಒಂದು ಗಂಟು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುತ್ತಾರಲ್ಲ, ಅಂಥದ್ದು. ನೆಂಟರು ಯಾರಾದರೂ ನೋಡಿದ್ದರೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳುತ್ತಿದ್ದರು. ಯಾರಿಗೂ ಏನೂ ಆಗಿಲ್ಲ. ಅದು ನಮ್ಮ ಮನೆಯ ಹೂವನ್ನು ಮನೆ ತುಂಬಿಸಿಕೊಂಡ ಪೈಪು.

ಹೂವು ಅಂದೆನಾದರೂ ಅದು ಹೂವಲ್ಲ, ಪ್ರಾಣಿ. ಅದರ ಹೆಸರು ಅನಿಮೋನ್ ಅಂತ ನನ್ನ ಸೊಸೆ ಸವಿತಾ ಹತ್ತು ಸಲ ಹೇಳಿಕೊಟ್ಟಳು. ನನ್ನ ಬಾಯಲ್ಲಿ ಅದು ಹೂವಾಗಿಯೇ ಉಳಿಯಿತು. ಕಡಲ ತಳದಲ್ಲಿ ಬಂಡೆಗೆ ಕಾಲು ಊರಿಕೊಂಡು ಬದುಕುವ ಜೀವವಂತೆ. ಕಾಲು ಒಂದೇ. ಕೈ ಮಾತ್ರ ನೂರಾರು, ಒಂದೊಂದರ ತುದಿಯಲ್ಲೂ ಗುಳ್ಳೆ. ನಡುವೆ ಬಾಯಿ. ಉಣ್ಣುವುದೂ ಅದರಲ್ಲೇ, ಉಂಡದ್ದು ಮಿಕ್ಕರೆ ಹೊರಗೆ ಹಾಕುವುದೂ ಅದರಲ್ಲೇ. ಇದನ್ನು ಕೇಳಿದ ದಿನ ನಾನು, “ಇಂಥದ್ದನ್ನ ತಂದು ಹಾಲ್‌ನಲ್ಲಿ ಇಟ್ಕೋತೀಯೇನೇ?” ಅಂದೆ.

“ಟಿವಿಗಿಂತ ವಾಸಿ ಅತ್ತೆ, ಕೂಗಾಡಲ್ಲ” ಅಂದಳು ಅವಳು. ಸಂಜೆ ನಾನು ನೋಡುವ ಧಾರಾವಾಹಿಗಳ ಮೇಲೆ ಅವಳಿಗೆ ಮೊದಲಿಂದಲೂ ಒಂದು ಕಣ್ಣು.

ನಾವಿರುವುದು ದಟ್ಟಗಳ್ಳಿಯಲ್ಲಿ. ಮೊಮ್ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಅವಳ ಮೇಜು ಇದ್ದ ಜಾಗ ಖಾಲಿಯಾಯಿತು. ನಾನು ಅಲ್ಲಿ ಒಂದು ದಿವಾನ ಹಾಕಿಸಿಕೊಂಡು ಮಲಗೋಣ ಅಂತ ಲೆಕ್ಕ ಹಾಕಿದ್ದೆ. ಬಂದದ್ದು ಗಾಜಿನ ತೊಟ್ಟಿ. ನಾಲ್ಕು ಅಡಿ ಉದ್ದ, ಒಳಗೆ ಬಂಡೆ, ಮರಳು, ಮೇಲೆ ನೀಲಿ ದೀಪ. ಕಡಲು ಇಲ್ಲದ ಮೈಸೂರಿನಲ್ಲಿ ಉಪ್ಪಿನ ಮೂಟೆ ತಂದು, ಫಿಲ್ಟರ್ ನೀರಿಗೆ ಕಲಸಿ, ಅಳೆದು ನೋಡಿ ಕಡಲು ಮಾಡಿದಳು ನನ್ನ ಸೊಸೆ. ಅವಳ ಕೆಲಸ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಏಳಕ್ಕೆ ಹೋಗಿ ಊರವರ ರಕ್ತ ನೋಡುತ್ತಾಳೆ, ಸಂಜೆ ಬಂದು ಮೀನುಗಳ ನೀರು ನೋಡುತ್ತಾಳೆ. ಪುಟ್ಟ ಪುಟ್ಟ ಸೀಸೆಗಳಿಗೆ ಹನಿ ಹನಿ ಬಣ್ಣ ಹಾಕಿ ಅಲ್ಲಾಡಿಸಿ, ಬೆಳಕಿಗೆ ಹಿಡಿದು, “ನಾರ್ಮಲ್” ಅನ್ನುತ್ತಾಳೆ. ನನ್ನ ಸಕ್ಕರೆ ಕಾಯಿಲೆಗೆ ಒಂದು ದಿನವೂ ಆ ಮಾತು ಅವಳ ಬಾಯಿಂದ ಬಂದದ್ದಿಲ್ಲ.

ತೊಟ್ಟಿಯಲ್ಲಿ ಎರಡು ಮೀನು. ಕಿತ್ತಳೆ ಮೈ, ಬಿಳಿ ಪಟ್ಟೆ, ಗಂಡ ಹೆಂಡತಿ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಎದುರಿಗೆ ಬಂತೆಂದರೆ ಗಂಡು ಒಂದು ಪಕ್ಕಕ್ಕೆ ವಾಲಿ ಮೈಯೆಲ್ಲ ಗಡಗಡ ನಡುಗಿಸುತ್ತದೆ. ನೀನೇ ದೊಡ್ಡವಳು ಅಂತ ಒಪ್ಪಿಕೊಳ್ಳುವ ರೀತಿಯಂತೆ ಅದು. ಬಂದವರೆಲ್ಲ ನೋಡಿ ನಗುತ್ತಾರೆ. ನನ್ನ ಮಗ ಶಿವು ಮಾತ್ರ ನಗುವುದಿಲ್ಲ, ಪೇಪರ್ ಮಡಿಸಿಕೊಂಡು ಒಳಗೆ ಹೋಗುತ್ತಾನೆ.

ಇಂಥ ಮೀನುಗಳಿಗೆ ಕಡಲಲ್ಲಿ ಆ ಹೂವೇ ಮನೆ. ಬೇರೆ ಯಾವ ಮೀನು ಮುಟ್ಟಿದರೂ ಹೂವು ಚುಚ್ಚುತ್ತದಂತೆ, ಇವನ್ನು ಮಾತ್ರ ಬಿಡುತ್ತದಂತೆ. ಅವಕ್ಕೊಂದು ಮನೆ ಮಾಡಿಕೊಡಬೇಕು ಅನ್ನುವುದು ಸವಿತಾಳ ಆಸೆ. ಒಂದು ವರ್ಷ ಕಾದು, ನೀರು ಪಕ್ವವಾಯಿತು ಅಂತ ಹೇಳಿ, ಹೂವು ತಂದಳು. ಹನ್ನೆರಡು ದಿನ ಇತ್ತು. ಮೊದಲು ಕುಗ್ಗಿತು, ಆಮೇಲೆ ಬಾಯಿ ಬಿಟ್ಟುಕೊಂಡಿತು, ಕೊನೆಗೆ ನೆನೆಸಿಟ್ಟು ಮರೆತ ಸಬ್ಬಕ್ಕಿಯ ಹಾಗೆ ಕರಗಿಹೋಯಿತು. ವಾಸನೆ ಹೇಳಬಾರದು. ಮೀನುಗಳನ್ನು ಬಕೆಟ್ಟಿಗೆ ಹಾಕಿ ಉಳಿಸಿಕೊಂಡಳು. ನಾನು, “ಹೋಗ್ಲಿ ಬುಡೇ, ಒಂದು ಮುದ್ದೆ ಅಂಟು ಹೋದಂಗಾಯ್ತು” ಅಂದೆ. ಅವಳು ಊಟ ಬಿಟ್ಟು ಎದ್ದು ಹೋದಳು. ಸಮಾಧಾನದ ಮಾತು ನನಗೆ ಬರುವುದಿಲ್ಲ. ಬಂದಾಗಲೂ ಹೀಗೇ ಬರುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ವಿಷಯ ಅಂದರೆ ತಾಮ್ರ.

ನಮ್ಮಪ್ಪನದು ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ತಾಮ್ರದ ಕೊಡ, ಹಂಡೆ, ಬಿಂದಿಗೆ, ಶಿವನ ಮೇಲೆ ತೊಟ್ಟಿಕ್ಕಲು ತೂಗುಹಾಕುವ ಧಾರಾಪಾತ್ರೆ, ಎಲ್ಲ ಸೂರಿನ ತನಕ ಪೇರಿಸಿರುತ್ತಿದ್ದವು. ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತಿತು. ಯಾರೂ ನಿಲ್ಲಿಸಲಿಲ್ಲ. ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕುವುದು ಮಗ್ಗಿಗಿಂತ ಸುಖವಾಗಿತ್ತು, ಅಷ್ಟೆ. ಕಪ್ಪಗಿದ್ದ ಕೊಡ ಒಂದು ತಿಕ್ಕಿಗೆ ಕೆಂಪಗಾಗುತ್ತದೆ. ಮಗ್ಗಿ ಎಷ್ಟು ತಿಕ್ಕಿದರೂ ಹಾಗೇ ಇರುತ್ತದೆ. ಗಿರಾಕಿಗಳಿಗೆ ನಮ್ಮಪ್ಪ ಹೇಳುತ್ತಿದ್ದದ್ದು ಒಂದೇ ಮಾತು: “ತಾಮ್ರದಲ್ಲಿ ನಿಂತ ನೀರಿಗೆ ಜೀವ ಇರುತ್ತೆ ಸ್ವಾಮಿ.” ಅದನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿ ಬೆಳೆದವಳು ನಾನು. ಮದುವೆಯಾಗಿ ಬರುವಾಗ ಒಂದು ತಾಮ್ರದ ಕೊಡ ಜೊತೆಗೆ ಬಂತು. ಇವತ್ತಿಗೂ ಅದರ ನೀರನ್ನೇ ನಾನು ಕುಡಿಯುವುದು.

ತೊಟ್ಟಿಯ ನೀರು ದಿನಾ ಒಂದಷ್ಟು ಆವಿಯಾಗಿ ಕಡಿಮೆಯಾಗುತ್ತದೆ. ಉಪ್ಪು ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಹಾಗಾಗಿ ಅಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಸವಿತಾ ಗಾಜಿನ ಮೇಲೆ ಕರಿ ಪೆನ್ನಿನಲ್ಲಿ ಗೆರೆ ಎಳೆದು, ಬಿಳಿ ಕ್ಯಾನಿನಲ್ಲಿ ಫಿಲ್ಟರ್ ನೀರು ತುಂಬಿಟ್ಟು, “ಅತ್ತೆ, ದಿನಾ ಬೆಳಿಗ್ಗೆ ಈ ಗೆರೆ ತನಕ ಹಾಕ್ಬುಡಿ. ಇದೊಂದು ಕೆಲಸ ನಿಮ್ಮದು” ಅಂದಿದ್ದಳು.

ಫಿಲ್ಟರ್ ನೀರು ನೀವು ಕುಡಿದಿದ್ದೀರಲ್ಲ? ನೀರಿನ ನೆನಪು ಮಾತ್ರ ಇರುತ್ತದೆ ಅದರಲ್ಲಿ. ಅದರ ಮೇಲೆ ಪ್ಲಾಸ್ಟಿಕ್ ಕ್ಯಾನು. ಪಾಪ ಆ ಮೀನುಗಳು, ಮಾತು ಬಂದಿದ್ದರೆ ಬೈಯುತ್ತಿದ್ದವು ಅಂತ ನನಗನಿಸಿತು. ಹಿಂದಿನ ದಿನವೇ ಆ ನೀರನ್ನು ನನ್ನ ಕೊಡಕ್ಕೆ ಹೊಯ್ದಿಟ್ಟು, ಬೆಳಿಗ್ಗೆ ಸವಿತಾ ಹೊರಟ ಮೇಲೆ ತಾಮ್ರದ ಚೊಂಬಿನಲ್ಲಿ ಮೊಗೆದು ತೊಟ್ಟಿಗೆ ಹಾಕುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದನ್ನು ಸಾರಿಕೊಂಡು ತಿರುಗುವ ಅಭ್ಯಾಸ ನನಗಿಲ್ಲ. ಇದೊಂದನ್ನು ಸಾರಿಕೊಂಡಿದ್ದರೆ ಚೆನ್ನಾಗಿತ್ತು.

ಮೊದಲ ಹೂವು ಹೋಗಿ ಆರು ತಿಂಗಳ ಮೇಲೆ ಸವಿತಾ ಮತ್ತೆ ಮನಸ್ಸು ಮಾಡಿದಳು. “ಇದೇ ಕೊನೆ. ಇದೂ ಹೋದ್ರೆ ಮೀನು ಕೊಟ್ಬುಟ್ಟು ತೊಟ್ಟಿ ಖಾಲಿ ಮಾಡ್ತೀನಿ. ನನ್ನ ಕೈಗುಣನೇ ಸರಿ ಇಲ್ಲ” ಅಂದಳು ಗಂಡನಿಗೆ. ನಾನು ಕೇಳಿಸಿಕೊಂಡೆ. ದಿವಾನಕ್ಕೆ ಜಾಗವಾಗುತ್ತದೆ ಅಂತ ಒಂದು ಗಳಿಗೆ ಅನಿಸಿತು ಅಂತಲೂ ಹೇಳಿಬಿಡುತ್ತೇನೆ, ಸುಳ್ಳೇಕೆ.

ಹೂವು ತಂದವನು ನಯಾಜ್. ಉದಯಗಿರಿಯಲ್ಲಿ ಮೀನಿನ ಅಂಗಡಿ ಇಟ್ಟಿದ್ದಾನೆ, ಸಾಕುವ ಮೀನಿನದು. ಐವತ್ತರ ಹತ್ತಿರದ ಮನುಷ್ಯ, ಮಗುವನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿದ. ಇನ್ಯಾರದೋ ತೊಟ್ಟಿಯಲ್ಲಿದ್ದ ದೊಡ್ಡ ಹೂವು ತಾನಾಗಿ ಎರಡಾಗಿ ಸೀಳಿಕೊಂಡು, ಅದರಲ್ಲಿ ಒಂದು ಪಾಲು ಇದಂತೆ. ಅಣ್ಣತಮ್ಮಂದಿರು ಪಾಲಾಗುವುದನ್ನು ನೋಡಿದ್ದೆ. ಒಬ್ಬನೇ ಪಾಲಾಗುವುದು ಹೊಸದು.

ಹೊಸ ಹೂವನ್ನು ಸೀದಾ ತೊಟ್ಟಿಗೆ ಬಿಡುವ ಹಾಗಿಲ್ಲ. ಅದು ಬಂದ ನೀರು ಬೇರೆ, ಇರಬೇಕಾದ ನೀರು ಬೇರೆ. ಬಕೆಟ್ಟಿನಲ್ಲಿ ಅದರ ನೀರಿನ ಜೊತೆಗೇ ಇಟ್ಟು, ನಮ್ಮ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬೆರೆಸುತ್ತ ಹೋಗಬೇಕು. ಅದಕ್ಕೇ ಆ ಪೈಪು. ಸವಿತಾ ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದನ್ನು ಬಾಯಲ್ಲಿಟ್ಟು ಎಳೆದಳು. ಹಿಂದೆ ಸೊಸೈಟಿಯಲ್ಲಿ ಪೀಪಾಯಿಯಿಂದ ಸೀಮೆಎಣ್ಣೆ ಎಳೆಯುತ್ತಿದ್ದರಲ್ಲ, ಹಾಗೇ. ಉಪ್ಪುನೀರು ಬಾಯಿಗೆ ಬಂದು ಮುಖ ಕಿವುಚಿಕೊಂಡಳು. ಆಮೇಲೆ ಪೈಪಿಗೆ ಗಂಟು ಹಾಕಿ ಬಿಗಿ ಮಾಡಿದಳು. ಟಪ್, ಟಪ್, ಟಪ್. ಶಿವನ ತಲೆಯ ಮೇಲೆ ಧಾರೆ ಬಿದ್ದ ಹಾಗೆ ಬಕೆಟ್ಟಿಗೆ ನೀರು ಬೀಳತೊಡಗಿತು. ನಾನು ಕುರ್ಚಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ.

ನಯಾಜ್ ತೊಟ್ಟಿಯ ಮುಂದೆ ಮಂಡಿಯೂರಿ ಒಳಗೆ ಇಣುಕುತ್ತಿದ್ದವನು ಕೇಳಿದ: “ಮೇಡಂ, ಬಸವನಹುಳ ಎಲ್ಲಿ ಒಂದೂ ಕಾಣ್ತಿಲ್ಲ? ಎಂಟು ಕೊಟ್ಟಿದ್ದೆ ನಾನು.”

“ಒಂದೊಂದೇ ಹೋಯ್ತು ನಯಾಜ್. ಮೀನು ಮಾತ್ರ ಚೆನ್ನಾಗಿವೆ. ಎಲ್ಲ ಟೆಸ್ಟೂ ಮಾಡಿದೀನಿ, ಎಲ್ಲಾ ಸರಿಯಾಗೇ ಬರುತ್ತೆ.”

“ತಾಮ್ರ ನೋಡಿದ್ರಾ?”

“ತಾಮ್ರ ಎಲ್ಲಿಂದ ಬರುತ್ತೆ? ಹಾಕೋದೇ ಫಿಲ್ಟರ್ ನೀರು.”

“ಅಲ್ಲ, ಕೇಳ್ದೆ. ಮೀನಿಗೆ ತಾಮ್ರ ಔಷಧಿ ಮೇಡಂ, ಏನೂ ಮಾಡಲ್ಲ. ಮೂಳೆ ಇಲ್ದಿರೋ ಜೀವಕ್ಕೆ ವಿಷ. ಮೊದಲು ಬಸವನಹುಳ ಹೋಗುತ್ತೆ, ಆಮೇಲೆ ಹೂವು ಹೋಗುತ್ತೆ, ಮೀನು ಮಾತ್ರ ಆರಾಮಾಗಿ ಓಡಾಡ್ಕೊಂಡಿರುತ್ತೆ.”

ನನ್ನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯಿಂದ ಜಾರಿ ತೊಟ್ಟಿಯ ಗಾಜಿಗೆ ಹೋಗಿ ಬಡಿಯಿತು.

ಟಪ್, ಟಪ್. ಬೀಳುತ್ತಿದ್ದದ್ದು ನನ್ನ ನೀರು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆಯಿಂದ ಕೊಡ ಬಿಟ್ಟು ಕ್ಯಾನಿನಿಂದಲೇ ಹಾಕಿದರಾಯಿತು. ಈ ಹೂವು ಸತ್ತರೆ ಸವಿತಾಳ ಕೈಗುಣದ ಲೆಕ್ಕಕ್ಕೆ ಹೋಗುತ್ತದೆ. ಇಷ್ಟೆಲ್ಲ ಯೋಚಿಸಲು ನನಗೆ ನಾಲ್ಕು ಹನಿಯ ಹೊತ್ತು ಬೇಕಾಯಿತು. ನನ್ನ ಬಗ್ಗೆ ನನಗೆ ಇದ್ದ ಅಭಿಪ್ರಾಯಕ್ಕೆ ಅದು ಸ್ವಲ್ಪ ಹೆಚ್ಚೇ. ಅವಳು ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ನೀರಿಗೆ ನೋವಾಗುತ್ತದೇನೋ ಅನ್ನುವ ಹಾಗೆ ಉಸಿರು ಬಿಗಿಹಿಡಿದು ಹನಿ ಎಣಿಸುತ್ತಿದ್ದಳು. ನಾನು ಎದ್ದು ಹೋಗಿ ಪೈಪು ಕಿತ್ತೆ.

“ಅತ್ತೆ! ಏನ್ ಮಾಡ್ತಿದೀರಾ?”

“ನೀರು ಕೆಟ್ಟಿದೆ ಕಣೇ. ಕೆಡಿಸಿದ್ದು ನಾನು.”

ಕೊಡ ತಂದು ತೋರಿಸಿದೆ. ಆವತ್ತೇ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ, ಒಲೆಯ ಕೆಂಡದ ಹಾಗೆ ಹೊಳೆಯುತ್ತಿತ್ತು. ನಯಾಜ್ ಅದನ್ನು ಬೆರಳಲ್ಲಿ ಬಡಿದು ನೋಡಿ, “ಒಳ್ಳೇ ಮಾಲು ಅಮ್ಮ, ಈಗ ಇಂಥದ್ದು ಸಿಗಲ್ಲ” ಅಂದ. ಅವನಿಗೆ ಇನ್ನೇನು ಹೇಳಬೇಕೋ ಗೊತ್ತಾಗಿರಲಿಕ್ಕಿಲ್ಲ.

ಸವಿತಾ ನನ್ನನ್ನೇ ನೋಡಿದಳು. “ಇಷ್ಟು ದಿನಾನೂ ಇದರಲ್ಲೇನಾ ಅತ್ತೆ? ದಿನಾ ಬೆಳಿಗ್ಗೆ?”

“ಸೋಮವಾರ ಎರಡು ಸಲ” ಅಂದೆ. ನಿಜ ಹೇಳಲು ಹೊರಟ ಮೇಲೆ ಪೂರ್ತಿ ಹೇಳಬೇಕಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಅಂದು ಹಗುರಾಗುತ್ತಿದ್ದೆ. ನಯಾಜ್ ಹೂವನ್ನು ವಾಪಸು ಚೀಲಕ್ಕೆ ಹಾಕಿಕೊಂಡು, ತಾನು ತಂದಿದ್ದ ನೀರನ್ನೇ ತುಂಬಿಕೊಂಡು, “ನೀರು ಸರಿಯಾಗೋ ತನಕ ಅಂಗಡಿಯಲ್ಲಿ ಇರ್ಲಿ ಮೇಡಂ. ಕೆಲವೇ ಹನಿ ಬಿದ್ದಿದೆ, ಏನೂ ಆಗಲ್ಲ” ಅಂದು ಹೊರಟ. ಮಾರನೆಯ ದಿನ ತಾಮ್ರ ನೋಡುವ ಸೀಸೆ ತಂದು ಸವಿತಾ ಪರೀಕ್ಷೆ ಮಾಡಿದಳು. ನೀರು ನೀಲಿಗೆ ತಿರುಗಿತು. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ನನಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು: “ನನ್ನ ಕೈಗುಣ ಅಂದ್ಕೊಂಡಿದ್ದೆ.”

ಕ್ಷಮಿಸು ಅನ್ನುವ ಪದ ನಮ್ಮ ಮನೆಯಲ್ಲಿ ಬಳಕೆಯಲ್ಲಿಲ್ಲ. ನಮ್ಮತ್ತೆ ನನಗೆ ಹೇಳಲಿಲ್ಲ, ನಾನು ಇವಳಿಗೆ ಹೇಳಲಿಲ್ಲ. ಬಕೆಟ್ಟು ಎತ್ತಿದೆ. ಎರಡು ದಿನಕ್ಕೊಮ್ಮೆ ತೊಟ್ಟಿಯ ನೀರು ಒಂದಷ್ಟು ತೆಗೆದು ಹೊಸ ಉಪ್ಪುನೀರು ಹಾಕಬೇಕಿತ್ತು. ತಾಮ್ರ ಹೀರುವ ಪುಟ್ಟ ಚೀಲವೊಂದನ್ನು ಫಿಲ್ಟರಿನೊಳಗೆ ಇಟ್ಟಿದ್ದಳು. ಅವಳು ಉಪ್ಪು ಕಲಸಿದರೆ ನಾನು ಅರ್ಧ ಅರ್ಧ ಬಕೆಟ್ಟು ಬಚ್ಚಲಿಗೆ ಸಾಗಿಸುತ್ತಿದ್ದೆ. ಮಂಡಿ ನೋಯುತ್ತದೆ ಅಂತ ಗೊತ್ತಿದ್ದೂ ಅವಳು ತಡೆಯಲಿಲ್ಲ. ಸರಿಯಾಗೇ ಮಾಡಿದಳು.

ಶಿವು ಮಾತ್ರ ಸುಮ್ಮನಿರಲಿಲ್ಲ. “ಅಮ್ಮ, ಎಂಟು ಬಸವನಹುಳ, ಒಂದು ಹೂವು. ಹಳೇ ಕಾಲದಲ್ಲಿ ಶಿವಭಕ್ತರು ಇಷ್ಟಕ್ಕೆಲ್ಲ ಎಂಥಾ ಪ್ರಾಯಶ್ಚಿತ್ತ ಮಾಡ್ಕೋತಿದ್ರು ಗೊತ್ತಾ?” ಅಂದ.

“ನಡುಗೋ ಮೀನು ನೀನು, ಸುಮ್ನೆ ಇರು” ಅಂದೆ. ಸವಿತಾ ಮೂರು ದಿನದ ಮೇಲೆ ಮೊದಲ ಸಲ ನಕ್ಕಳು. ನಗುವನ್ನು ಉಪ್ಪಿನ ಬಕೆಟ್ಟಿನೊಳಗೆ ಬಗ್ಗಿಕೊಂಡು ನಕ್ಕಳು.

ಮೂರು ವಾರದ ಮೇಲೆ ಸೀಸೆಯ ನೀರು ನೀರಿನ ಬಣ್ಣದಲ್ಲೇ ಉಳಿಯಿತು. ನಯಾಜ್ ಪರೀಕ್ಷೆಗೆ ಅಂತ ಎರಡು ಬಸವನಹುಳ ಕೊಟ್ಟ, ಅವೂ ಬದುಕಿದವು. ಆಮೇಲೆ ಹೂವು ಬಂತು. ಮತ್ತೆ ಬಕೆಟ್ಟು, ಮತ್ತೆ ಹನಿ, ಎರಡು ಗಂಟೆ. ತೊಟ್ಟಿಯ ಪಂಪುಗಳನ್ನೆಲ್ಲ ನಿಲ್ಲಿಸಿ, ಅಲೆ ಇಲ್ಲದಂತೆ ಮಾಡಿ, ಬಂಡೆಯ ಒಂದು ಸಂದಿನಲ್ಲಿ ಅದನ್ನು ಮೆಲ್ಲಗೆ ಕೂರಿಸಿದಳು. “ಇನ್ನು ಯಾರೂ ಮುಟ್ಟಬಾರದು” ಅಂದಳು. ಯಾರೂ ಅಂದದ್ದು ನನಗೆ.

ಅವಳು ಆರಿಸಿ ಕೂರಿಸಿದ ಸಂದು ಹೂವಿಗೆ ಹಿಡಿಸಲಿಲ್ಲ. ಒಂದೇ ಕಾಲಿನಲ್ಲಿ ತೆವಳಿಕೊಂಡು ಬಂಡೆಯ ಹಿಂದಕ್ಕೆ ಹೋಗಿ, ಮುಷ್ಟಿಯಷ್ಟಾಗಿ ಮುದುಡಿ ಕೂತಿತು. ಸವಿತಾ ಲ್ಯಾಬಿನಿಂದ ಗಂಟೆಗೊಂದು ಫೋನ್ ಮಾಡುತ್ತಿದ್ದಳು.

“ಅತ್ತೆ, ಬಾಯಿ ಮುಚ್ಚಿದೆಯಾ?”

“ನನ್ನದಾ, ಅದರದಾ?”

“ಅತ್ತೆ!”

“ಮುಚ್ಚಿದೆ ಕಣಮ್ಮ. ಮುನಿಸ್ಕೊಂಡು ಕೂತಿದೆ. ಸುಮ್ನೆ ಬುಟ್ಬುಡು.”

ಸುಮ್ಮನೆ ಬಿಡುವುದು ಏನು ಅಂತ ನನಗೆ ಗೊತ್ತು. ಅಪ್ಪನ ಮನೆಗೆ ಒಂದು ಸಲ ಎಮ್ಮೆ ತಂದಿದ್ದರು. ಮೂರು ದಿನ ಹಾಲು ಕೊಡಲಿಲ್ಲ. ನಾವು ಮಕ್ಕಳೆಲ್ಲ ಗಳಿಗೆಗೊಮ್ಮೆ ಹೋಗಿ ಅದರ ಮುಖ ನೋಡುತ್ತಿದ್ದೆವು. ನಮ್ಮಜ್ಜಿ ಕೊಟ್ಟಿಗೆಯ ಬಾಗಿಲಿಗೆ ಗೋಣಿ ಕಟ್ಟಿಸಿದಳು. ನಾಲ್ಕನೇ ದಿನ ಕೊಟ್ಟಿತು. ನಾನೂ ಮದುವೆಯಾಗಿ ಬಂದಾಗ ಎರಡು ದಿನ ಸೌದೆ ಕೋಣೆ ಬಿಟ್ಟು ಈಚೆಗೆ ಬರಲಿಲ್ಲ. ಅಳುತ್ತಿದ್ದೆ ಅಂದುಕೊಳ್ಳಬೇಡಿ. ಅಡುಗೆಮನೆಯಲ್ಲಿ ಹದಿನಾಲ್ಕು ಜನದ ರೊಟ್ಟಿ ಬಡಿಯುವುದು ಕಾದಿತ್ತು, ಅದಕ್ಕೆ. ಯಾರೂ ಕರೆಯಲಿಲ್ಲ. ಹಸಿವಾಯಿತು, ಬಂದೆ, ರೊಟ್ಟಿ ಬಡಿದೆ. ಇದರಲ್ಲಿ ದೊಡ್ಡ ಅರ್ಥವೇನೂ ಇಲ್ಲ.

ಮೂರನೇ ದಿನ ಹೂವು ಬಂಡೆಯ ಹಿಂದಿನಿಂದ ಹೊರಟು ಅಲೆ ಎಬ್ಬಿಸುವ ಪಂಪಿನ ಕಡೆ ನಡೆಯಿತು. ಪಂಪು ಎಳೆದುಕೊಂಡರೆ ಚೂರು ಚೂರು. ಸವಿತಾ ಅರ್ಧ ದಿನ ರಜೆ ಹಾಕಿ ಬಂದು, ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ತೊಟ್ಟಿಯ ಮುಂದೆಯೇ ಊಟದ ತಟ್ಟೆ ಇಟ್ಟುಕೊಂಡಳು. ಹೂವು ಪಂಪಿಗೆ ಒಂದು ಗೇಣು ದೂರದ ತನಕ ಹೋಗಿ, ಏನನಿಸಿತೋ, ತಿರುಗಿ ಬಂದು ಮೇಲಿನ ಬಂಡೆಯ ಬಿರುಕಿನಲ್ಲಿ ನಿಂತಿತು. ಐದನೇ ದಿನ ಅಲ್ಲೇ ಇತ್ತು. ಆರನೇ ದಿನ ಕೈ ಬಿಚ್ಚಿತು. ಎಂಟನೇ ದಿನ ಊಟದ ತಟ್ಟೆಯಷ್ಟು ಅಗಲವಾಗಿ ಅರಳಿ ನೀಲಿ ದೀಪದಡಿ ತೂಗಾಡುತ್ತಿತ್ತು. ಚೆನ್ನಾಗಿತ್ತು. ಒಪ್ಪುತ್ತೇನೆ.

ಯಾರಿಗೆ ಮನೆ ಅಂತ ಇಷ್ಟೆಲ್ಲ ಮಾಡಿದೆವೋ ಆ ಗಂಡಹೆಂಡತಿ ಮೀನುಗಳು ಮಾತ್ರ ಗೃಹಪ್ರವೇಶಕ್ಕೂ ಬರಲಿಲ್ಲ. ಇವತ್ತಿಗೂ ಪಂಪಿನ ಹಿಂದೆಯೇ ಮಲಗುತ್ತವೆ. ಸ್ವಂತ ಮನೆ ಕಟ್ಟಿಸಿಕೊಟ್ಟರೂ ಬಾಡಿಗೆ ಮನೆ ಬಿಡದ ಜನವನ್ನು ನಾನು ನೋಡಿದ್ದೇನೆ.

ಆದರೆ ಸವಿತಾಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಮೊದಲನೆಯದೂ ಕುಗ್ಗುವ ಮುಂಚೆ ಹೀಗೇ ಅರಳಿತ್ತು. “ಊಟ ತಗೊಂಡ್ರೆ ಉಳಿಯುತ್ತೆ ಅಂತ ಲೆಕ್ಕ. ಮೊದಲ್ನೇದು ತಗೊಳ್ಳಲೇ ಇಲ್ಲ” ಅಂದಳು. ಆ ಭಾನುವಾರ ಪಕ್ಕದ ಮನೆಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದಳು. ಪಕ್ಕದವರು ಫಿಲೋಮಿನಾ, ಭಾನುವಾರ ಚರ್ಚು ಮುಗಿಸಿ ಬಂದು ಮೀನುಸಾರು ಮಾಡುವವರು. ನಮ್ಮ ಮನೆಯ ಫ್ರಿಜ್‌ನಲ್ಲಿ ಅಂಥದ್ದನ್ನೆಲ್ಲ ಇಡಲು ನಾನು ಬಿಡುವುದಿಲ್ಲ. ಹಾಗಾಗಿ ನಮ್ಮ ಹೂವಿನ ಸೀಗಡಿ ಅವರ ಫ್ರಿಜ್‌ನಲ್ಲಿ ಬಾಡಿಗೆಗಿತ್ತು. ಡಬ್ಬಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ತುಂಡು.

ಸವಿತಾ ಉದ್ದನೆಯ ಇಕ್ಕಳದ ತುದಿಯಲ್ಲಿ ಅದನ್ನು ಹಿಡಿದು, ಇಕ್ಕಳವನ್ನು ನನ್ನ ಕಡೆ ಚಾಚಿದಳು.

“ನೀವೇ ಹಾಕಿ.”

“ನಾನಾ? ನಮ್ಮ ಏಳು ತಲೆಮಾರಲ್ಲಿ ಯಾರೂ ಮುಟ್ಟಿಲ್ಲ ಕಣೇ ಇದನ್ನ.”

“ತಾಮ್ರದ ನೀರು ಹಾಕಿದ ಕೈ ಅಲ್ವಾ ಅತ್ತೆ? ಆ ಕೈಯಿಂದನೇ ಊಟಾನೂ ಹಾಕಿ.” ಮುಖದಲ್ಲಿ ನಗುವಿರಲಿಲ್ಲ, ಕಣ್ಣಿನಲ್ಲಿ ಇತ್ತೋ ಏನೋ. ಅವಳು ನನ್ನ ಬಳಿ ಕೇಳಿದ ದಂಡ ಅದೊಂದೇ.

“ಶಿವನೇ” ಅಂದುಕೊಂಡು ಇಕ್ಕಳ ಹಿಡಿದೆ. ಬಲಗೈ ಮೊಣಕೈ ತನಕ ಉಪ್ಪುನೀರಿಗೆ ಇಳಿಯಿತು. ಕೈ ನಡುಗುತ್ತಿತ್ತು, ಶಿವು ಹಿಂದೆ ನಿಂತು ಕೆಮ್ಮಿದ. ತುಂಡನ್ನು ಹೂವಿನ ಕೈಗಳಿಗೆ ಸೋಕಿಸಿದೆ. ಒಂದು ಕೈ ಅಂಟಿಕೊಂಡಿತು. ಆಮೇಲೆ ಹತ್ತು. ಆಮೇಲೆ ಒಂದು ಪಕ್ಕವೆಲ್ಲ ಒಳಕ್ಕೆ ಮಡಿಚಿಕೊಂಡು ತುಂಡನ್ನು ಬಾಯಿಗೆ ಒಯ್ದಿತು. ಇಕ್ಕಳ ಈಚೆಗೆ ತೆಗೆಯಲು ನೋಡಿದೆ. ಬರಲಿಲ್ಲ. ಮೆಲ್ಲಗೆ ಎಳೆದೆ. ಹೂವು ಇಕ್ಕಳದ ತುದಿಯನ್ನೂ ಹಿಡಿದುಕೊಂಡು ಒಂದಿಷ್ಟು ಉದ್ದವಾಯಿತು. ಕೆಳಗಿನ ಕಾಲು ಬಂಡೆಯಿಂದ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

“ಬುಡ್ತಿಲ್ಲ ಕಣೇ ಇದು.”

ಸವಿತಾ ಗಾಜಿಗೆ ಹಣೆ ಒತ್ತಿ ಕಾಲನ್ನೇ ನೋಡಿದಳು. ಅವಳ ಉಸಿರಿಗೆ ಗಾಜು ಮಂಜಾಯಿತು, ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. “ಗಟ್ಟಿಯಾಗಿ ಊರಿದೆ ಅತ್ತೆ” ಅಂದಳು. “ಇನ್ನು ಎಲ್ಲಿಗೂ ಹೋಗಲ್ಲ. ಇಕ್ಕಳ ಹಂಗೇ ಹಿಡ್ಕೊಂಡಿರಿ, ಅದಾಗೇ ಬುಡುತ್ತೆ.”

ಹಿಡಿದುಕೊಂಡಿದ್ದೆ. ಕೈ ಜೋಮು ಹಿಡಿಯಿತು. ಕೊನೆಗೆ ಬಿಟ್ಟಿತು. ಮೊಣಕೈಯಿಂದ ನೀರು ಸೋರಿಸಿಕೊಂಡು, ಆ ಕೈಯನ್ನು ಮೈಗೆ ತಾಗಿಸದಂತೆ ದೂರ ಹಿಡಿದುಕೊಂಡು ನಿಂತೆ.

“ಹೋಗಿ ಸ್ನಾನ ಮಾಡಿ ಅತ್ತೆ. ಗೀಸರ್ ಹಾಕಿ ಅರ್ಧ ಗಂಟೆ ಆಯ್ತು.”

ಅರ್ಧ ಗಂಟೆ. ಅಂದರೆ ಡಬ್ಬಿ ತರಲು ಪಕ್ಕದ ಮನೆಗೆ ಹೋಗುವ ಮೊದಲೇ, ನಾನು ಏಳು ತಲೆಮಾರು ಎತ್ತುವ ಮೊದಲೇ, ಅವಳು ಸ್ವಿಚ್ ಹಾಕಿದ್ದಳು. ಬಿಸಿನೀರು ಆರುವ ಮೊದಲು ಹೋಗಿ ಸ್ನಾನ ಮಾಡಿದೆ.